ದೇವರಿಗೆ ಏನೂ ಬೇಡ ಅಂದಮೇಲೆ ಪೂಜೆ ಯಾಕೆ?

"ದೇವರಿಗೆ ಏನೂ ಕೊರತೆಯಿಲ್ಲ ಅಂತೀರಿ. ಎಲ್ಲ ಕಡೆ ಇದ್ದಾನೆ ಅಂತೀರಿ. ಮತ್ತೆ ದಿನಾ ಬೆಳಿಗ್ಗೆ ನೀರು, ಹೂವು, ದೀಪ ಅಂತ ಇಷ್ಟು ಹೊತ್ತು ಯಾಕೆ? ಮನಸ್ಸಲ್ಲಿ ನೆನೆದರೆ ಸಾಲದಾ?"

ಪರಿಚಯ ಸ್ವಲ್ಪ ಸಲಿಗೆಗೆ ತಿರುಗಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ನಂಬದವರು ಕೇಳುತ್ತಾರೆ. ನಂಬುವವರು ಇನ್ನೂ ಜಾಸ್ತಿ ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಪೂಜೆ ಶುರುವಾಗುವುದು ಮಂತ್ರದಿಂದ ಅಲ್ಲ, ನಿರ್ಮಾಲ್ಯ ತೆಗೆಯುವುದರಿಂದ. ನಿನ್ನೆಯ ಹೂವು ಬಾಡಿ, ಅಂಚು ಕಂದಿ, ವಿಗ್ರಹಕ್ಕೆ ಅಂಟಿಕೊಂಡಿರುತ್ತದೆ. ಒಣಗಿದ ಗಂಧವನ್ನು ಒದ್ದೆ ಬೆರಳಿನಿಂದ ನೆನೆಸಿ ಮೆಲ್ಲಗೆ ಉಜ್ಜಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಉಳಿದುಬಿಡುತ್ತದೆ. ದೀಪದಲ್ಲಿ ಕರಿ ಕಟ್ಟಿದ ಹಳೇ ಬತ್ತಿ, ತಳದಲ್ಲಿ ಜಿಡ್ಡು. ಅಷ್ಟು ಹೊತ್ತು ಮನಸ್ಸು ಎಲ್ಲೋ ಇರುತ್ತದೆ. ನಿನ್ನೆ ಯಾರೋ ಅಂದ ಮಾತು, ಇವತ್ತು ಮುಗಿಸಬೇಕಾದ ಕೆಲಸ. ಕೈ ಮಾತ್ರ ಇಲ್ಲಿರುತ್ತದೆ. ಹೊಸ ಬತ್ತಿ ಹೊಸೆದು, ಎಣ್ಣೆ ಹಾಕಿ, ದೀಪ ಹಚ್ಚುವ ಹೊತ್ತಿಗೆ ಎಷ್ಟೋ ಸಲ ಮನಸ್ಸೂ ಬಂದು ಕೂತಿರುತ್ತದೆ. ಕೆಲವು ದಿನ ಬರುವುದೇ ಇಲ್ಲ. ಆ ದಿನವೂ ದೀಪವಂತೂ ಉರಿಯುತ್ತದೆ.

ಮನಸ್ಸಲ್ಲಿ ನೆನೆದರೆ ಖಂಡಿತ ಸಾಕು. ಹೊರಗಿನ ಯಾವ ವಸ್ತುವೂ ಇಲ್ಲದ ಮಾನಸ ಪೂಜೆಯನ್ನು ಹಿರಿಯರು ದೊಡ್ಡದು ಅಂತಲೇ ಹೇಳಿದ್ದಾರೆ. ನಾನೂ ಕೆಲವು ತಿಂಗಳು 'ಮನಸ್ಸಲ್ಲೇ ಮಾಡುತ್ತೇನೆ' ಅಂತ ಹೂವು, ದೀಪ ಬಿಟ್ಟು ನೋಡಿದೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ನೆನೆಯುವುದೇ ನೆನಪಾಗುತ್ತಿರಲಿಲ್ಲ. ನನ್ನ ಮನಸ್ಸಿಗೆ ಕೈಯ ಆಸರೆ ಬೇಕು ಅಂತ ಗೊತ್ತಾಗಿದ್ದು ಆಗಲೇ.

ಇನ್ನು 'ದೇವರಿಗೆ ಏನೂ ಬೇಡವಲ್ಲ' ಅನ್ನುವ ಮಾತು. ಇದಕ್ಕೆ ಉತ್ತರ ಪೂಜೆಯ ಕ್ರಮದಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಷೋಡಶೋಪಚಾರ ಅಂದರೆ 16 ಉಪಚಾರಗಳು. ಸಂಪ್ರದಾಯದಿಂದ ಸಂಪ್ರದಾಯಕ್ಕೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಆದರೆ ಒಮ್ಮೆ ಸಂಸ್ಕೃತದ ಹೆಸರು ಬದಿಗಿಟ್ಟು ನೋಡಿ. ಆವಾಹನೆ ಅಂದರೆ ಬನ್ನಿ ಅನ್ನುವುದು. ಆಸನ ಅಂದರೆ ಕೂತುಕೊಳ್ಳಿ ಅನ್ನುವುದು. ಪಾದ್ಯ ಕಾಲು ತೊಳೆಯಲು ನೀರು, ಅರ್ಘ್ಯ ಕೈಗೆ ನೀರು, ಆಚಮನ ಕುಡಿಯಲು ನೀರು. ಆಮೇಲೆ ಸ್ನಾನ, ಬಟ್ಟೆ, ಗಂಧ, ಹೂವು, ಧೂಪ, ದೀಪ, ಊಟ. ಕೊನೆಗೆ ಕೈಮುಗಿದು ಕಳಿಸಿಕೊಡುವುದು. ದೂರದಿಂದ ನಡೆದು ಬಂದ ಅತಿಥಿಗೆ ಹಿಂದಿನವರು ಏನೇನು ಮಾಡುತ್ತಿದ್ದರೋ ಅದೇ ಅಲ್ವಾ ಇದು? ಬಂದ ಅತಿಥಿ ಹಸಿದಿಲ್ಲ ಅಂದರೂ ನಾವು ಸುಮ್ನೆ ಕೂರುವುದಿಲ್ಲ. ಬಡಿಸುವುದು ಅವರ ಹಸಿವಿಗೆ ಮಾತ್ರ ಅಲ್ಲ, ಅವರು ಬಂದರಲ್ಲ ಅನ್ನುವ ಸಂತೋಷಕ್ಕೆ.

'ಪೂಜೆ' ಅನ್ನುವ ಪದ ಎಲ್ಲಿಂದ ಬಂತು ಅನ್ನುವುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅದರ ಮೂಲ ದ್ರಾವಿಡ ಭಾಷೆಗಳದ್ದು, 'ಪೂ' ಅಂದರೆ ಹೂವು, ಹೂವಿನಿಂದ ಗೆಯ್ಯುವುದೇ ಪೂಜೆ ಅಂತ ಒಂದು ವಾದ ಇದೆ. ಬಳಿಯುವುದು ಅನ್ನುವ ಅರ್ಥದ 'ಪೂಸು' ಪದದಿಂದ ಬಂತು ಅಂತ ಇನ್ನೊಂದು. ಎರಡರಲ್ಲೂ ಕೈಗೆ ಕೆಲಸ ಇದೆ ಅನ್ನುವುದು ನನಗೆ ಇಷ್ಟ.

ಈ ವಿಚಾರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಜೈನರ ಪೂಜೆ. ತೀರ್ಥಂಕರರು ಮುಕ್ತರಾದವರು. ಅವರಿಗೆ ಕೋಪವಿಲ್ಲ, ಮೆಚ್ಚುಗೆಯಿಲ್ಲ. ಕೇಳಿದ್ದನ್ನು ಕೊಡುವವರೂ ಅಲ್ಲ. ಇದು ಪೂಜೆ ಮಾಡುವವರಿಗೆ ಚೆನ್ನಾಗಿ ಗೊತ್ತು. ಆದರೂ ನೀರು, ಗಂಧ, ಅಕ್ಷತೆ, ಹೂವು, ನೈವೇದ್ಯ, ದೀಪ, ಧೂಪ, ಫಲ ಅಂತ ಎಂಟು ದ್ರವ್ಯಗಳಿಂದ ಅರ್ಚಿಸುತ್ತಾರೆ. ಅರ್ಪಿಸಿದ್ದನ್ನು ಪ್ರಸಾದ ಅಂತ ಮರಳಿ ತಿನ್ನುವುದೂ ಇಲ್ಲ. ಕೊಟ್ಟದ್ದು ಕೊಟ್ಟ ಹಾಗೆ. ಬಿಡುವುದನ್ನು ಕಲಿಯಲಿಕ್ಕೆ ಅದು ಪಾಠ. ಪಡೆಯುವವನೂ ಇಲ್ಲ, ಪ್ರತಿಫಲವೂ ಇಲ್ಲ, ಆದರೂ ಪೂಜೆ ಇದೆ. ನೀವು ಕೇಳುವ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನಾನು ಬೇರೆಲ್ಲೂ ಕಂಡಿಲ್ಲ.

ವಿಗ್ರಹ ಇಲ್ಲದ ಕಡೆಯೂ ಕೈಕಾಲು ಸುಮ್ಮನಿರುವುದಿಲ್ಲ. ದಿನಕ್ಕೆ ಐದು ಹೊತ್ತಿನ ನಮಾಜಿಗೆ ಮೊದಲು ವುಜೂ ಮಾಡಬೇಕು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ಒದ್ದೆ ಕೈಯಿಂದ ತಲೆ ಸವರಿ, ಪಾದ ತೊಳೆಯಬೇಕು. ಮುಖ ಮೆಕ್ಕಾದ ಕಾಬಾದ ಕಡೆಗೆ. ನಿಲ್ಲುವುದು, ಬಾಗುವುದು, ಹಣೆಯನ್ನು ನೆಲಕ್ಕೆ ಮುಟ್ಟಿಸುವುದು. ಇದರ ಜೊತೆ ಒಂದು ಮೃದುತನವೂ ಇದೆ. ನೀರು ಸಿಗದಿದ್ದರೆ ಶುದ್ಧವಾದ ಮಣ್ಣನ್ನು ಮುಟ್ಟಿ ಶುದ್ಧಿ ಮಾಡಿಕೊಳ್ಳಬಹುದು. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿಯೇ ಪ್ರಾರ್ಥಿಸಬಹುದು.

ಸಿಖ್ಖರು ಗುರು ಗ್ರಂಥ ಸಾಹಿಬ್‌ಗೆ ಚಾಮರ ಬೀಸುತ್ತಾರೆ. ಅಮೃತಸರದ ಸ್ವರ್ಣಮಂದಿರದಲ್ಲಿ ರಾತ್ರಿ ಗ್ರಂಥವನ್ನು ಪಲ್ಲಕ್ಕಿಯಲ್ಲಿ ಎದುರಿಗಿರುವ ಅಕಾಲ್ ತಖ್ತ್ ಅನ್ನುವ ಕಟ್ಟಡಕ್ಕೆ ಕರೆದೊಯ್ದು ವಿಶ್ರಾಂತಿಗೆ ಇಡುತ್ತಾರೆ, ನಸುಕಿನಲ್ಲಿ ಮತ್ತೆ ತರುತ್ತಾರೆ. ಗ್ರಂಥಕ್ಕೆ ನಿದ್ದೆ ಬರುತ್ತದಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಗುರು ಅಂತ ಒಪ್ಪಿಕೊಂಡ ಮೇಲೆ ಗುರುವನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುತ್ತಾರೆ, ಅಷ್ಟೇ.

"ಹಾಗಾದರೆ ಏನೂ ಇಲ್ಲದೆ ಆರಾಧನೆ ಆಗುವುದೇ ಇಲ್ಲವಾ?" ಅಂದರೆ, ಆಗುತ್ತದೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಸೇರಿ ಮೌನವಾಗಿ ಕೂರುತ್ತಾರೆ. ಎಷ್ಟೋ ಕಡೆ ಪಾದ್ರಿಯೂ ಇರುವುದಿಲ್ಲ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ, ಇಲ್ಲದಿದ್ದರೆ ಮೌನವೇ. ಆದರೆ ಅವರೂ ಹೊತ್ತು ಗೊತ್ತು ಮಾಡಿಕೊಂಡು, ಎದ್ದು ಬಂದು, ಒಟ್ಟಿಗೆ ಕೂರುತ್ತಾರೆ. ಎಲ್ಲ ಬಿಟ್ಟ ಮೇಲೂ ಅಷ್ಟು ಉಳಿಯಿತು.

ಅರ್ಥವಾಗದ ಭಾಷೆಯಲ್ಲಿ ಹೇಳಿ ಏನು ಪ್ರಯೋಜನ ಅಂತ ಕೇಳುವವರ ಜೊತೆ ನಾನು ಅರ್ಧ ಒಪ್ಪುತ್ತೇನೆ. ಕ್ಯಾಥೊಲಿಕ್ ಚರ್ಚುಗಳ ಪೂಜೆಯೂ ಶತಮಾನಗಳ ಕಾಲ ಬಹುಪಾಲು ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. 1962ರಿಂದ 1965ರವರೆಗೆ ನಡೆದ, ಕ್ಯಾಥೊಲಿಕ್ ಧರ್ಮಗುರುಗಳ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಜನರ ಭಾಷೆಗಳು ಅಲ್ಲಿ ಸಹಜವಾದವು. ಹಳೆಯ ನಾದವನ್ನು ಬಿಡಬೇಕಿಲ್ಲ, ಅದರಲ್ಲೂ ಒಂದು ಶಕ್ತಿ ಇದೆ. ಆದರೆ ಪಾದ್ಯ ಅಂದರೆ ಕಾಲಿಗೆ ನೀರು ಅಂತ ತಿಳಿದ ದಿನ ನನ್ನ ಕೈಯಲ್ಲಿದ್ದ ಉದ್ಧರಣೆ, ಅಂದರೆ ಪೂಜೆಗೆ ನೀರು ಹಾಕುವ ಚಮಚ, ಬೇರೆಯೇ ಆಯಿತು. ನೀರು ಹಾಕುವಾಗ ಕಾಲು ಎಲ್ಲಿದೆ ಅಂತ ನೋಡಿದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ರಾಜಿಯಿಲ್ಲ. ಪೂಜೆ ಅತಿಥಿ ಸತ್ಕಾರ ಅಂದಮೇಲೆ, ದೇವರ ಮನೆಗೆ ಬಂದವರನ್ನು ಬಾಗಿಲಲ್ಲೇ ತಡೆದದ್ದು ಯಾವ ಸತ್ಕಾರ? ಈಗಿನ ಕೇರಳದ ಭಾಗವಾದ ತಿರುವಾಂಕೂರು ಸಂಸ್ಥಾನದಲ್ಲಿ ಸರ್ಕಾರದ ದೇವಸ್ಥಾನಗಳು ಎಲ್ಲ ಜಾತಿಯ ಹಿಂದೂಗಳಿಗೆ ತೆರೆದದ್ದು 1936ರಲ್ಲಿ. ಅದಕ್ಕೂ ಮೊದಲು 1924–25ರಲ್ಲಿ ಅದೇ ಸಂಸ್ಥಾನದ ವೈಕಂ ಊರಿನಲ್ಲಿ ಸತ್ಯಾಗ್ರಹ ನಡೆಯಿತು. ಅದು ಒಳಗೆ ಹೋಗಲಿಕ್ಕೂ ಅಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲಿಕ್ಕೆ! 16 ಉಪಚಾರಗಳನ್ನು ತಪ್ಪಿಲ್ಲದೆ ಮಾಡಿ, ಮನುಷ್ಯನನ್ನು ರಸ್ತೆಯಿಂದಲೇ ಅಟ್ಟಿದರೆ ಆ ಪೂಜೆಯಲ್ಲಿ ಆವಾಹನೆಯೇ ಆಗಲಿಲ್ಲ ಅಂತ ನಾನು ನಂಬುತ್ತೇನೆ.

ಕೊನೆಯದಾಗಿ, "ನನಗೆ ಅಷ್ಟೆಲ್ಲ ಪುರುಸೊತ್ತಿಲ್ಲ, ಸಾಮಾನೂ ಇಲ್ಲ" ಅನ್ನುವವರಿಗೆ. ಪೂಜೆಯಲ್ಲಿ ರಾಜೋಪಚಾರ ಅಂತ ಒಂದು ಭಾಗ ಇದೆ. ಕೊಡೆ ಹಿಡಿಯುತ್ತೇನೆ, ಚಾಮರ ಬೀಸುತ್ತೇನೆ, ಹಾಡು ಕೇಳಿಸುತ್ತೇನೆ, ಕುದುರೆ ಹತ್ತಿಸುತ್ತೇನೆ, ಆನೆ ಹತ್ತಿಸುತ್ತೇನೆ ಅಂತ ದೇವರಿಗೆ ಹೇಳುತ್ತಾ ಹೋಗುವುದು. ಆನೆ ಯಾರ ಹತ್ತಿರ ಇದೆ? ಅದಕ್ಕೇ ಇಲ್ಲದ್ದರ ಜಾಗದಲ್ಲಿ ಅಕ್ಷತೆ ಹಾಕುತ್ತಾರೆ. ಬಟ್ಟೆ ಇಲ್ಲವಾ, ಅಕ್ಷತೆ. ಒಡವೆ ಇಲ್ಲವಾ, ಅಕ್ಷತೆ. ತಡವಾಗಿ ಎದ್ದ ದಿನ ನನ್ನದೂ ಅಷ್ಟೇ. ಒಂದು ಉದ್ಧರಣೆ ನೀರು, ಒಂದು ದೀಪ, ಉಳಿದ ಎಲ್ಲಕ್ಕೂ, ಆನೆಗೂ ಸೇರಿಸಿ, ಎರಡು ಕಾಳು ಅಕ್ಷತೆ.