ಗೋಲಗುಮ್ಮಟದ ಗೈಡ್ ಕೆಲಸ ಮತ್ತು ‘ಎಲ್ಲರೂ ಹೇಳ್ತಾರೆ’ ಅನ್ನೋ ಮಾತು

ವಿಜಯಪುರದಲ್ಲಿ ಗೈಡ್ ಕೆಲಸಕ್ಕೆ ಬಂದವರಿಗೆ ಮೊದಲು ಬಾಯಿಪಾಠ ಆಗುವ ಸಾಲು ಒಂದೇ. ಗೋಲಗುಮ್ಮಟ ಪ್ರಪಂಚದ ಎರಡನೇ ದೊಡ್ಡ ಗುಮ್ಮಟ. ಹಿರಿಯ ಗೈಡ್‌ಗಳು ಹೇಳುತ್ತಾರೆ, ಟಾಂಗಾದವರು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ನಾನು ಮಾತ್ರ ಹೇಳುವುದಿಲ್ಲ, ಹೊಸ ಹುಡುಗರಿಗೂ ಬೇಡ ಅನ್ನುತ್ತೇನೆ.

ಲೆಕ್ಕ ಹಾಕಿ ನೋಡಿ. ನಮ್ಮ ಗುಮ್ಮಟದ ವ್ಯಾಸ ಹೊರಗಿನಿಂದ ಸುಮಾರು 144 ಅಡಿ, ಒಳಗಿನಿಂದ 124 ಅಡಿ ಚಿಲ್ಲರೆ. ರೋಮಿನ ಹಳೆ ದೇವಾಲಯ ಪ್ಯಾಂಥಿಯನ್ ಒಳಗೇ 142 ಅಡಿ ಇದೆ, ಸೇಂಟ್ ಪೀಟರ್ಸ್ ಚರ್ಚಿನದು ಸುಮಾರು 136. ಇದು ಯಾರ ಗೋರಿಯೋ ಆ ಸುಲ್ತಾನ ಮೊಹಮ್ಮದ್ ಆದಿಲ್‌ಶಾ ತೀರಿಕೊಂಡದ್ದು 1656ರಲ್ಲಿ, ಆ ಎರಡೂ ಅಷ್ಟರೊಳಗೆ ಕಟ್ಟಿ ಮುಗಿದಿದ್ದವು. ಹಾಗಾಗಿ ಎರಡನೆಯದು ಅನ್ನೋ ಮಾತು ಕಟ್ಟಿದ ಕಾಲಕ್ಕೂ ನಿಲ್ಲುವುದಿಲ್ಲ, ಈಗಿನ ಸ್ಟೇಡಿಯಂಗಳ ಛಾವಣಿ ಲೆಕ್ಕಕ್ಕೆ ಹಿಡಿದರೆ ಕೇಳೋದೇ ಬೇಡ. ನಮ್ಮ ಹೊರಗಿನ ಅಳತೆ ತಗೊಂಡು ಅವರ ಒಳಗಿನ ಅಳತೆ ಪಕ್ಕ ಇಟ್ಟರೆ ಮಾತ್ರ ನಮ್ಮದು ಪ್ಯಾಂಥಿಯನ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ಒಬ್ಬ ಹುಡುಗ ಕೇಳಿದ, “ಎಲ್ಲಾರೂ ಹಂಗ ಹೇಳ್ತಾರ್ರೀ, ನಾವಷ್ಟ ಯಾಕ ಬಿಡಬೇಕು? ಜನಕ್ಕ ಖುಷಿ ಆಗ್ತದಲ್ಲ.” ಅವನನ್ನು ಒಳಗೆ ಕರೆದುಕೊಂಡು ಹೋಗಿ ನೆಲದ ನಡುವೆ ನಿಲ್ಲಿಸಿದೆ. ಒಂದೊಂದು ಬದಿಯೂ ಸುಮಾರು 135 ಅಡಿ, ಹದಿನೆಂಟು ಸಾವಿರ ಚದರ ಅಡಿ ದಾಟುವ ಒಂದೇ ಕೋಣೆ, ನಡುವೆ ಒಂದು ಕಂಬ ಇಲ್ಲ. ಪ್ಯಾಂಥಿಯನ್ನಿನ ದುಂಡು ನೆಲ ಹದಿನಾರು ಸಾವಿರವೂ ಮುಟ್ಟುವುದಿಲ್ಲ. ತಲೆ ಎತ್ತಿದರೆ ಕಮಾನುಗಳು ಒಂದರೊಳಗೊಂದು ಹಾಯ್ದು, ಚೌಕದ ಮೂಲೆಗಳನ್ನು ಮುಚ್ಚುತ್ತಾ ಮೇಲೆ ದುಂಡಾಗುವುದು ಕಾಣುತ್ತದೆ. ಗುಮ್ಮಟದ ಇಡೀ ಭಾರ ನಿಂತಿರುವುದು ಆ ಕಮಾನುಗಳ ಮೇಲೆ. ಇಷ್ಟು ತೋರಿಸೋಕೆ ಇರುವಾಗ ಸುಳ್ಳು ಯಾಕೆ ಬೇಕು?

ನನಗೆ ಇದು ಸಣ್ಣ ವಿಷಯ ಅಲ್ಲ. ಡಿಸೆಂಬರ್ ಬಂತು ಅಂದರೆ ಶಾಲೆ ಮಕ್ಕಳ ಬಸ್ಸುಗಳು ಸಾಲುಗಟ್ಟುತ್ತವೆ. ಮಕ್ಕಳು ನೋಟ್‌ಬುಕ್ ತೊಡೆ ಮೇಲೆ ಇಟ್ಟುಕೊಂಡು ನಾವು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಾರೆ. ನಾವು ಸುಮ್ನೆ ಅಂದ ಮಾತು ಅಲ್ಲಿಂದ ಪ್ರಬಂಧಕ್ಕೆ ಹೋಗುತ್ತದೆ. ಮುಂದೆ ಅವರೇ ಮೇಷ್ಟ್ರಾದರೆ ಇನ್ನೊಂದು ಕ್ಲಾಸಿಗೆ!

ಹಾಗಂತ ಕೇಳಿದ ಕಥೆಯನ್ನೆಲ್ಲ ಬಿಸಾಡಿ ಅನ್ನುತ್ತಿಲ್ಲ. ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ, ಆಮೇಲೆ ಮಾರಾಟ ರದ್ದಾಯಿತು. 55 ಟನ್ ಲೋಹಕ್ಕೆ ನೂರೈವತ್ತು ರೂಪಾಯಿ! ಯಾರೋ ಹುಟ್ಟಿಸಿದ ಕಥೆ ಅನಿಸುತ್ತದೆ ಅಲ್ವಾ, ಆದರೆ ದಾಖಲೆ ಇದೆ. ತೋಪಿನ ಮೈಮೇಲೇ ಬರಹ ಇದೆ, ಎರಕ ಹೊಯ್ದವನು ಮಹಮದ್ ಬಿನ್ ಹಸನ್ ರೂಮಿ ಅಂತ. ಕಾಲ 1549. ಇವನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ತೋಪು ಹಾರಿಸಿದವನು ಸದ್ದಿಗೆ ಹೆದರಿ ಪಕ್ಕದ ನೀರಿನ ತೊಟ್ಟಿಗೆ ಜಿಗಿಯುತ್ತಿದ್ದ ಅನ್ನೋದನ್ನೂ ಹೇಳುತ್ತೇನೆ, ಆದರೆ ಊರವರ ಕಥೆ ಅಂತ ಮೊದಲೇ ಹೇಳಿ.

ಸಾಲು ಗೋರಿಗಳಿರುವ ಸಾಠ್ ಕಬರ್‌ನಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಆದಿಲ್‌ಶಾಹಿ ಸೇನಾಪತಿ ಅಫಜಲ್‌ಖಾನ್ ಯುದ್ಧಕ್ಕೆ ಹೊರಡುವ ಮೊದಲು ಹೆಂಡತಿಯರನ್ನೆಲ್ಲ ಕೊಂದ ಅನ್ನೋ ಕಥೆಗೆ ಒಬ್ಬೊಬ್ಬರು ಒಂದೊಂದು ಮಸಾಲೆ ಸೇರಿಸುತ್ತಾರೆ. ಬಾವಿಗೆ ತಳ್ಳಿದ ಅಂತ ಒಬ್ಬ, ಕೊನೆಗೆ ಒಬ್ಬಳು ತಪ್ಪಿಸಿಕೊಂಡಳು ಅಂತ ಇನ್ನೊಬ್ಬ. ಕೇಳಿದವರು ಸಿಟ್ಟು ಹೊತ್ತುಕೊಂಡು ಊರಿಗೆ ಹೋಗುತ್ತಾರೆ. ಅಲ್ಲಿ ನಾನು ಸಾಲಾಗಿರುವ ಗೋರಿ ತೋರಿಸುತ್ತೇನೆ, ಜನ ಹೀಗೆ ಹೇಳುತ್ತಾರೆ ಅಂತ ಒಂದೇ ಮಾತಲ್ಲಿ ಮುಗಿಸುತ್ತೇನೆ. ಟಿಪ್ಸ್ ಕಡಿಮೆ ಬಂದರೆ ಬರಲಿ.

ಈಗ ಆ ಹುಡುಗ ತಾನೇ ಅರ್ಧಕ್ಕೆ ನಿಂತ ಗೋರಿ ಬಾರಾ ಕಮಾನಿನ ಕಥೆ ಹಿಡಿದು ಕೂತಿದ್ದಾನೆ. ನೆರಳು ಗೋಲಗುಮ್ಮಟದ ಮೇಲೆ ಬೀಳುತ್ತದೆ ಅಂತ ಕೆಲಸ ನಿಲ್ಲಿಸಿದರು ಅನ್ನುತ್ತಾರಲ್ಲ, ಅದು. ಎರಡರ ಮಧ್ಯೆ ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ ಇದೆ. ಕಟ್ಟಿಸುತ್ತಿದ್ದ ಎರಡನೇ ಅಲಿ ಆದಿಲ್‌ಶಾ 1672ರಲ್ಲಿ ತೀರಿಕೊಂಡ, 1686ಕ್ಕೆ ರಾಜ್ಯವೇ ಔರಂಗಜೇಬನ ಪಾಲಾಯಿತು. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಅವನೇ ಹುಡುಕಿಕೊಂಡು ಬಂದು ನನಗೆ ಹೇಳಿದ್ದು.