ಮೊಸಳೆ ಕೊಳದ ಹತ್ತಿರ ನನ್ನ ಭಾನುವಾರಗಳು

ವಾರದಲ್ಲಿ ಆರು ದಿನ ನಾನು ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂರುತ್ತೇನೆ. ಭಾನುವಾರ ಮಾತ್ರ ಮೈಸೂರು ಝೂನಲ್ಲಿ ಸ್ವಯಂಸೇವಕ. ತಲೆಗೊಂದು ಟೋಪಿ, ಕತ್ತಿಗೊಂದು ಕಾರ್ಡು, ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರುವ ಕೆಲಸ. ಸಂಬಳ ಇಲ್ಲ. ಮೂರು ವರ್ಷ ಆಯಿತು.

ಸೇರಿದಾಗ ಮನೆಯಲ್ಲಿ ಜಾಸ್ತಿ ಖುಷಿಪಟ್ಟಿದ್ದು ನನ್ನ ಮಗ. "ಹುಲಿ ಮರಿಗೆ ಹಾಲು ಕುಡಿಸ್ತೀಯಾ ಅಪ್ಪ?" ಅಂದ. ಸುಳ್ಳು ಯಾಕೆ ಹೇಳಲಿ, ನನ್ನ ತಲೆಯಲ್ಲೂ ಅಂಥದ್ದೇ ಏನೋ ಇತ್ತು. ಆನೆಗೆ ಕಬ್ಬು ಕೊಡುವುದು, ಜಿರಾಫೆಗೆ ಸೊಪ್ಪು ಹಿಡಿಯುವುದು, ಪಕ್ಕದಲ್ಲಿ ನಿಂತು ಒಂದು ಫೋಟೋ. ಮೊದಲ ದಿನವೇ ಅದೆಲ್ಲ ಇಳಿಯಿತು. ಪ್ರಾಣಿಗಳ ಹತ್ತಿರ ಹೋಗುವುದು ಕೀಪರುಗಳ ಕೆಲಸ, ಡಾಕ್ಟರುಗಳ ಕೆಲಸ. ನಮ್ಮ ಪಾಲಿಗೆ ಬರುವುದು ಕಂಬಿಯ ಈಚೆ ಇರುವ ಪ್ರಾಣಿ. ಅಂದರೆ ಜನ.

ಅದು ಸರಿಯೂ ಹೌದು. ನಮ್ಮ ಕಾಯಿಲೆಗಳು ಪ್ರಾಣಿಗಳಿಗೂ ಹರಡುತ್ತವೆ. ಗೊರಿಲ್ಲಾ, ಚಿಂಪಾಂಜಿಯಂಥ ವಾನರಗಳಿಗಂತೂ ನಮ್ಮ ನೆಗಡಿ, ಕ್ಷಯ ಎರಡೂ ಅಂಟಬಹುದು. ನನಗೆ ನೆಗಡಿ ಆದ ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಮಿಕ್ಸಿ ಅಂಗಡಿಗೆ ಮಾತ್ರ ಆ ರಿಯಾಯಿತಿ ಇಲ್ಲ ಬಿಡಿ.

ಈ ಝೂ 1892ರದ್ದು. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಅರಮನೆಯವರ ಝೂ ಆಗಿ ಶುರುವಾಗಿದ್ದು, ಈಗ 157 ಎಕರೆ. ಮಂಗಳವಾರ ರಜಾ. ಹೊರಗಿನ ಊರಿನವರಿಗೆ ಇದು ಮರೆತೇ ಹೋಗಿರುತ್ತದೆ. ಮೈಸೂರಿನವರು ಮೃಗಾಲಯ ಅನ್ನುವುದಿಲ್ಲ, ಎಲ್ಲರಿಗೂ ಅದು ಝೂ. ಅಜ್ಜಿಯಂದಿರಿಗೂ.

ಇಡೀ ದಿನದಲ್ಲಿ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ "ಟಾಯ್ಲೆಟ್ ಎಲ್ಲಿ?" ಎರಡನೆಯದು "ಹುಲಿ ಎಲ್ಲಿ?" ಮೂರನೆಯದು "ಹುಲಿ ಯಾಕೆ ಮಲಗಿದೆ?" ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಹುಲಿ ಇನ್ನೇನು ಮಾಡಬೇಕು, ನೀವೇ ಹೇಳಿ. ಹೊಟ್ಟೆ ತುಂಬಿದ ಹುಲಿ ದಿನದ ಬಹುಪಾಲು ಮಲಗಿಯೇ ಇರುತ್ತದೆ. ನಮ್ಮ ದೇಶದ ಝೂಗಳಲ್ಲಿ ವಾರಕ್ಕೊಂದು ದಿನ ಹುಲಿ, ಸಿಂಹಗಳಿಗೆ ಮಾಂಸ ಕೊಡದೆ ಇರುವ ರೂಢಿಯೂ ಇದೆ. ಕಾಡಿನಲ್ಲೂ ದಿನಾ ಬೇಟೆ ಸಿಗುವುದಿಲ್ಲವಲ್ಲ. ಇದನ್ನು ಹೇಳಿದರೆ ಹೆಂಗಸರಿಗೆ ಬಹಳ ಇಷ್ಟ. "ಹುಲಿಗೂ ಒಪ್ಪೊತ್ತಾ!" ಅಂತ ಒಬ್ಬರು ನಕ್ಕಿದ್ದರು.

ಈಗ ನನ್ನ ಪೆದ್ದುತನದ ಕಥೆಗೆ ಬರುತ್ತೇನೆ.

ಮೊದಲ ಎರಡು ತಿಂಗಳು ನಾನು ಪೊಲೀಸ್ ಆಗಿದ್ದೆ. ಮಗನ ಸ್ಪೋರ್ಟ್ಸ್ ಡೇಗೆ ತಂದಿದ್ದ ಸೀಟಿಯೊಂದು ಮನೆಯಲ್ಲಿ ಬಿದ್ದಿತ್ತು. ಯಾರೂ ಕೊಟ್ಟಿದ್ದಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದೆ. ಕಂಬಿ ಮೇಲೆ ಮಗು ಹತ್ತಿಸಿದರೆ ಪೀಪ್. ಚಿಪ್ಸ್ ಎಸೆದರೆ ಪೀಪ್. ಜೊತೆಗೆ ಬಾಯಿಪಾಠ ಬೇರೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ಝೂನಲ್ಲಿ ಪ್ರಾಣಿಗಳನ್ನು ಕೆಣಕುವುದು, ತಿಂಡಿ ಹಾಕುವುದು ಅಪರಾಧ. ಹೇಳುವಾಗ ನನಗೇ ಒಂಥರಾ ಗತ್ತು.

ದಸರಾ ಸಮಯ. ಕಾಲಿಡಲು ಜಾಗ ಇಲ್ಲ. ನನ್ನನ್ನು ಮೊಸಳೆ ಕೊಳದ ಹತ್ತಿರ ನಿಲ್ಲಿಸಿದ್ದರು. ದಡದ ಮೇಲೆ ಒಂದು ದೊಡ್ಡ ಮೊಸಳೆ ಬಾಯಿ ತೆರೆದು ಮಲಗಿತ್ತು. ಅರ್ಧ ಗಂಟೆಯಿಂದ ಒಂಚೂರೂ ಅಲ್ಲಾಡಿರಲಿಲ್ಲ. ಅಪ್ಪನ ಹೆಗಲ ಮೇಲೆ ಕೂತಿದ್ದ ಪುಟ್ಟ ಹುಡುಗಿ ಕೇಳಿದಳು, "ಅಪ್ಪ, ಇದು ನಿಜವಾದ್ದಾ, ಗೊಂಬೆನಾ?" ಅಪ್ಪ ನೋಡಿದ. ಅವನಿಗೂ ಅನುಮಾನ ಬಂತು ಅಂತ ಕಾಣುತ್ತದೆ. ಬಗ್ಗಿ ಒಂದು ಸಣ್ಣ ಕಲ್ಲು ಎತ್ತಿಕೊಂಡ.

ನಾನು ಶಕ್ತಿಯೆಲ್ಲ ಬಿಟ್ಟು ಊದಿದೆ.

ಹುಡುಗಿ ಬೆಚ್ಚಿಬಿದ್ದು ಅಳಲು ಶುರು ಮಾಡಿದಳು. ಅತ್ತ ಕಡೆಯಿಂದ ಪಕ್ಷಿಗಳ ಗಲಾಟೆ ಎದ್ದಿತು. ಮುಂದೆ ಹೋಗಿದ್ದ ಜನ ವಾಪಸ್ ಓಡಿಬಂದರು. "ಏನಾಯ್ತು? ಯಾರಾದ್ರೂ ಒಳಗೆ ಬಿದ್ರಾ?" ಒಂದು ನಿಮಿಷದಲ್ಲಿ ಕೊಳದ ಸುತ್ತ ಇದ್ದವರ ಎರಡರಷ್ಟು ಜನ. ಆ ಅಪ್ಪನ ಮುಖ ಕೆಂಪಾಯಿತು. "ಏನ್ರೀ, ಕಳ್ಳನ್ನ ಹಿಡಿದ ಹಾಗೆ ಊದ್ತೀರಲ್ಲ!" ನಾನು 38ಜೆ ಶುರು ಮಾಡಿದೆ. ಅವನು ಇನ್ನೂ ಕೂಗಿದ. ಮೊಸಳೆ ಸುಮ್ಮನೆ ನೀರಿಗಿಳಿದು ಹೋಯಿತು. ಅದಕ್ಕೇ ಬುದ್ಧಿ ಇತ್ತು.

ಜನ ಕರಗಿದ ಮೇಲೆ ಅಲ್ಲಿನ ಕೀಪರ್ ಅಣ್ಣ ಹತ್ತಿರ ಬಂದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಾತು ಕಮ್ಮಿ.

"ಅವ್ರು ಎತ್ತಿದ್ದು ಒಂದು ಕಲ್ಲು ಸಾ. ಹಾಕೂ ಇಲ್ಲ. ನೀವು ಊದಿದ್ದು ಆ ಕೊನೆಗಂಟ ಕೇಳ್ತು."

38ಜೆ ಕಲಮಿನಲ್ಲಿ ಇನ್ನೊಂದು ಮಾತೂ ಇದೆ, ಸದ್ದು ಮಾಡಿ ಪ್ರಾಣಿಗಳಿಗೆ ತೊಂದರೆ ಕೊಡಬಾರದು ಅಂತ. ನನ್ನ ಬಾಯಿಪಾಠದಲ್ಲಿ ಅದೊಂದು ಬಿಟ್ಟುಹೋಗಿತ್ತು.

"ಅವ್ರು ಯಾಕ್ ಕಲ್ಲೆತ್ತಿದ್ರು ಹೇಳಿ?" ಅಂದರು.

"ತಮಾಷೆಗೆ. ಇನ್ಯಾಕೆ ಅಣ್ಣ?"

"ಇಲ್ಲ ಸಾ. ಮಗು ಕೇಳ್ತಲ್ಲ, ಜೀವ ಐತಾ ಅಂತ. ಅವ್ರಿಗೆ ಗೊತ್ತಿಲ್ಲ. ಪಕ್ಕದಲ್ಲೇ ನಿಂತಿದ್ರಿ, ನೀವೂ ಹೇಳ್ಲಿಲ್ಲ."

ಆಮೇಲೆ ಅವರು ನನ್ನನ್ನು ಕಂಬಿ ಹತ್ತಿರ ಕರೆದುಕೊಂಡು ಹೋಗಿ ಇನ್ನೊಂದು ಮೊಸಳೆ ತೋರಿಸಿದರು. "ಮುಖ ನೋಡ್ಬೇಡಿ. ಮುಂಗಾಲು ಹಿಂದೆ, ಪಕ್ಕೆ ನೋಡಿ." ನೋಡಿದೆ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಪಕ್ಕೆ ನಿಧಾನವಾಗಿ ಉಬ್ಬಿತು, ಇಳಿಯಿತು. ಮತ್ತೆ ಸುಮಾರು ಹೊತ್ತು ಏನೂ ಇಲ್ಲ. ಮೊಸಳೆ ಉಸಿರಾಡುವುದೇ ಹಾಗೆ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಿಡುವು ತೆಗೆದುಕೊಳ್ಳುತ್ತದೆ. ಎರಡು ತಿಂಗಳಿಂದ ಅದೇ ಜಾಗದಲ್ಲಿ ನಿಂತಿದ್ದ ನಾನು ಇದನ್ನು ಒಂದು ಸಲವೂ ನೋಡಿರಲಿಲ್ಲ. ನೋಡುವುದಕ್ಕೆ ಪುರುಸೊತ್ತೆಲ್ಲಿ, ಸೀಟಿ ಊದಬೇಕಿತ್ತಲ್ಲ.

ಮುಂದಿನ ಭಾನುವಾರದಿಂದ ಸೀಟಿ ಮನೆಯಲ್ಲೇ ಉಳಿಯಿತು. ಯಾರಾದರೂ "ಇದು ಗೊಂಬೆನಾ" ಅಂದ ತಕ್ಷಣ, ಕಲ್ಲಿಗೆ ಬಗ್ಗುವ ಮೊದಲೇ, ನಾನು ಪಕ್ಕಕ್ಕೆ ಹೋಗಿ ನಿಲ್ಲುತ್ತೇನೆ. "ಅದರ ಪಕ್ಕೆ ನೋಡ್ತಾ ಇರಿ. ಎರಡು ಉಸಿರಿನ ಮಧ್ಯೆ ಎಷ್ಟು ಎಣಿಸ್ತೀರಾ ನೋಡೋಣ." ಮಕ್ಕಳು ಎಣಿಸಲು ಶುರು ಮಾಡುತ್ತಾರೆ. ಆಮೇಲೆ ಅಪ್ಪಂದಿರೂ. ಎಣಿಸುವವರು ಕೂಗುವುದಿಲ್ಲ, ಕೂಗಿದರೆ ಲೆಕ್ಕ ತಪ್ಪುತ್ತದೆ. ಮೂವತ್ತು ಜನ ಉಸಿರು ಬಿಗಿಹಿಡಿದು ಮೊಸಳೆ ಉಸಿರಾಡುವುದನ್ನು ಕಾಯುವುದು ನೋಡಲು ಬಲು ಚೆಂದ. ಬಾಯಿ ಯಾಕೆ ತೆರೆದಿದೆ ಅಂತ ಆಗ ಅವರೇ ಕೇಳುತ್ತಾರೆ. ಮೈ ಕಾವು ಇಳಿಸಿಕೊಳ್ಳಲು, ನಾಯಿ ನಾಲಿಗೆ ಚಾಚುವ ಹಾಗೆ. ರಂಗನತಿಟ್ಟಿನ ಬಂಡೆಗಳ ಮೇಲೆ ಮಲಗಿರುವುದೂ ಇದೇ ಜಾತಿ ಮೊಸಳೆ ಅಂದರೆ, ಬೆಳಿಗ್ಗೆ ಅಲ್ಲಿಗೆ ಹೋಗಿ ಬಂದವರು ಮೊಬೈಲ್ ತೆಗೆದು ಫೋಟೋ ಹೋಲಿಸಿ ನೋಡುತ್ತಾರೆ.

ಗೊರಿಲ್ಲಾ ಹತ್ತಿರ ಬೇರೆ ಥರ. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾ ಬಂದವು, ಥಾಬೊ ಮತ್ತು ಡೆಂಬಾ. ಅಲ್ಲಿಗೆ ಬಂದ ಹುಡುಗರಿಗೆ ಎದೆ ಬಡಿದುಕೊಂಡು ರೀಲ್ಸ್ ಮಾಡದಿದ್ದರೆ ಸಮಾಧಾನವಿಲ್ಲ. "ಮಾಡಬೇಡಿ" ಅಂದರೆ ಇನ್ನೂ ಜೋರಾಗಿ ಬಡಿದುಕೊಳ್ಳುತ್ತಾರೆ. ಅದಕ್ಕೆ ನಾನು ಈಗ ಹೇಳುವುದು ಇಷ್ಟೇ: ಗೊರಿಲ್ಲಾಗಳಲ್ಲಿ ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸುವುದು ಅಂದರೆ ಜಗಳಕ್ಕೆ ಕರೆದ ಹಾಗೆ. ನೀವು ಸ್ವಲ್ಪ ಪಕ್ಕಕ್ಕೆ ತಿರುಗಿ, ಓರೆಗಣ್ಣಲ್ಲಿ ನೋಡಿ. ಹುಡುಗರಿಗೆ ಇದು ಹೊಸ ಆಟ. ಐದಾರು ಜನ ಸಾಲಾಗಿ ಓರೆಗಣ್ಣು ಮಾಡಿಕೊಂಡು ನಿಂತಿದ್ದನ್ನು ನೋಡಿ ನಾನೇ ನಗು ತಡೆದುಕೊಂಡಿದ್ದೇನೆ.

ಕೆಲವು ಸಲ ಹೇಳುವವರು ಜನರೇ, ಕೇಳುವವನು ನಾನು. ಸಿಂಗಳೀಕದ ಮುಂದೆ ಒಂದಿನ ಸಾಗರದ ಕಡೆಯ ಹಿರಿಯರೊಬ್ಬರು ನಿಂತಿದ್ದರು. ಯಾರೋ "ಸಿಂಹದ ಥರ ಕೋತಿ" ಅಂದಿದ್ದಕ್ಕೆ ಅವರು ಕೂಡಲೇ ತಿದ್ದಿದರು. ಇದು ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಕಾಡಿನಲ್ಲಿ ಸಿಗಲ್ಲ, ಶರಾವತಿ ಕಣಿವೆಯಲ್ಲಿ ಇದೆ, ಮರದ ತುದಿ ಬಿಟ್ಟು ಕೆಳಗಿಳಿಯುವುದೇ ಅಪರೂಪ, ಹೀಗೆ. ನಾನು ಟೋಪಿ ಸರಿಮಾಡಿಕೊಂಡು ಹಿಂದೆ ಸರಿದೆ. ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತು ಅಲ್ಲಿ ಒಬ್ಬರೂ ಚಿಪ್ಸ್ ಪ್ಯಾಕೆಟ್ ತೆಗೆಯಲಿಲ್ಲ.

ಎಲ್ಲರ ಹತ್ತಿರವೂ ಇದು ನಡೆಯುತ್ತದೆ ಅಂತ ಹೇಳಲಾರೆ. "ದುಡ್ಡು ಕೊಟ್ಟು ಬಂದಿದೀನಿ, ಎಬ್ಬಿಸಿ ತೋರಿಸ್ರೀ" ಅನ್ನುವವರು ಇದ್ದಾರೆ. ಬೇಕಂತಲೇ ಬಾಟಲಿ ಎಸೆದು ವಿಡಿಯೋ ಮಾಡುವವರೂ ಇದ್ದಾರೆ. ಅವರ ಹತ್ತಿರ ನನ್ನ ಉಸಿರು ಎಣಿಸುವ ಆಟ ನಡೆಯುವುದಿಲ್ಲ. ಸುಮ್ಮನೆ ಸೆಕ್ಯೂರಿಟಿಯವರನ್ನು ಕರೆಯುತ್ತೇನೆ. ಅವರಿಗಿಂತ ಗೊತ್ತಿಲ್ಲದೆ ಕಲ್ಲೆತ್ತುವವರು ಜಾಸ್ತಿ ಅನ್ನುವುದು ನನ್ನ ಅನುಭವ, ಅಷ್ಟೆ.

ಅಂಗಡಿಯಲ್ಲಿ ನನ್ನ ಕೌಂಟರಿನ ಹಿಂದೆ ಒಂದು ಬೋರ್ಡು ಇದೆ. ರಿಪೇರಿಗೆ ಇಷ್ಟು ದಿನ, ಗ್ಯಾರಂಟಿ ಇದಕ್ಕಿದೆ, ಅದಕ್ಕಿಲ್ಲ. "ಹೊಸ ಮಿಕ್ಸಿ ರೀ, ಹೇಗೆ ನಿಂತು ಹೋಗುತ್ತೆ?" ಅಂತ ಕೂಗುವವರಿಗೆ ಮೊದಲು ನಾನು ಆ ಬೋರ್ಡು ತೋರಿಸುತ್ತಿದ್ದೆ. ಅದೂ ಒಂದು ಸೀಟಿಯೇ. ಈಗ ಮಿಕ್ಸಿ ಅವರ ಮುಂದೆಯೇ ತಿರುವಿ, ತಳ ಬಿಚ್ಚಿ ಕಾರ್ಬನ್ ಬ್ರಷ್, ಅಂದರೆ ತಿರುಗುವ ಮೋಟಾರಿಗೆ ಉಜ್ಜುತ್ತಾ ಕರೆಂಟು ದಾಟಿಸುವ ಕರಿ ತುಂಡು, ಎತ್ತಿ ಅಂಗೈ ಮೇಲೆ ಇಡುತ್ತೇನೆ. ಪಕ್ಕದಲ್ಲಿ ಹೊಸದೊಂದು. ಹೊಸದು ಬೆರಳಿನ ಒಂದು ಗೆಣ್ಣಿನಷ್ಟು ಇದ್ದರೆ ಹಳೆಯದು ಉದ್ದಿನ ಬೇಳೆಯಷ್ಟು ಸವೆದಿರುತ್ತದೆ. "ಇಷ್ಟೇ ಚಿಕ್ಕದಾ?" ಅನ್ನುತ್ತಾರೆ. ದನಿ ಅಷ್ಟೊತ್ತಿಗೆ ಇಳಿದಿರುತ್ತದೆ. ಓನರ್ ಮೊದಮೊದಲು "ಟೈಮ್ ವೇಸ್ಟ್ ಮಾಡ್ತೀಯ" ಅಂತ ಗೊಣಗಿದರು. ಈಗ ಏನೂ ಹೇಳುವುದಿಲ್ಲ.

ಆ ಕೀಪರ್ ಅಣ್ಣನ ಜೊತೆ ಈಗ ಒಳ್ಳೆ ಸ್ನೇಹ. ಬೆಳಿಗ್ಗೆ ಅವರು ಕೆಲಸ ಶುರು ಮಾಡುವುದನ್ನು ದೂರದಿಂದ ನೋಡಿದ್ದೇನೆ. ಮೊದಲು ನಿನ್ನೆ ಹಾಕಿದ್ದರಲ್ಲಿ ಏನು ಉಳಿದಿದೆ ಅಂತ ನೋಡುತ್ತಾರೆ. ಆಮೇಲೆ ಲದ್ದಿ, ಹಿಕ್ಕೆ. ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಬಿಡಿಸಿ, ತಲೆ ಒಂದು ಕಡೆ ವಾಲಿಸಿ, ಮಾತಿಲ್ಲದೆ ನೋಡುತ್ತಾರೆ. ಪ್ರಾಣಿ ಬಾಯಿಬಿಟ್ಟು ಹೊಟ್ಟೆನೋವು ಅನ್ನುವುದಿಲ್ಲ. ಕಾಯಿಲೆ ಬಿದ್ದರೂ ಆದಷ್ಟು ಮುಚ್ಚಿಡುತ್ತದೆ. ಡಾಕ್ಟರಿಗೆ ಮೊದಲ ಸುದ್ದಿ ಹೋಗುವುದು ಆ ಕಡ್ಡಿಯ ತುದಿಯಿಂದ.

ಹೋದ ತಿಂಗಳು ಅವರು ಬಟ್ಟೆ ಚೀಲದಲ್ಲಿ ಏನೋ ಭಾರದ್ದು ಹಿಡಿದುಕೊಂಡು ಗೇಟಿನ ಹತ್ತಿರ ಕಾಯುತ್ತಿದ್ದರು. "ಮನೇವ್ರು ಬಯ್ತಾವ್ರೆ ಸಾ, ಚಟ್ನಿ ಇಲ್ದೆ ಮೂರ್ ದಿನ ಆಯ್ತು." ಮಿಕ್ಸಿ. ಸಂಜೆ ಡ್ಯೂಟಿ ಮುಗಿದ ಮೇಲೆ ಹೊರಗೆ ಕಟ್ಟೆ ಮೇಲೆ ಕೂತು, ಸ್ಕೂಟರಿನ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತೆಗೆದು ತಳ ಬಿಚ್ಚಿದೆ. ಒಳಗೆಲ್ಲ ಕರಿ ಪುಡಿ.

"ಏನ್ ಸಾ ಇದು?"

ನಾನು ಹೇಳಲು ಬಾಯಿ ತೆಗೆದೆ. ಅವರು ಕೈ ಅಡ್ಡ ಹಿಡಿದು ತಡೆದರು. ಕುಕ್ಕರಗಾಲಲ್ಲಿ ಕೂತರು. ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು, ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ, ತಲೆ ಒಂದು ಕಡೆ ವಾಲಿಸಿ ನೋಡುತ್ತಾ ಕೂತರು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಸುಮ್ಮನಿದ್ದೆ.

"ಸವೆದೋಗದೆ," ಅಂದರು ಕೊನೆಗೆ.