ಪೆನ್ಸಿಲ್ ಗುರುತು

ಇವತ್ತು ಮಗಳ ಪಿಯುಸಿ ಅಪ್ಲಿಕೇಶನ್ ತುಂಬೋ ದಿನ. ಕಾಂಬಿನೇಶನ್ ಅಂತ ಇರೋ ಪುಟ್ಟ ಬಾಕ್ಸಲ್ಲಿ ನಾನು ರಾತ್ರಿನೇ ಪೆನ್ಸಿಲ್‌ನಲ್ಲಿ ಸೈನ್ಸಿನ ಪಿಸಿಎಂಬಿ ಅಂತ ಬರೆದಿಟ್ಟಿದ್ದೆ, ತಿಳಿಯಾಗಿ, ನೋಡ್ಲಿ ಅಂತ.

ಬೆಳಿಗ್ಗೆ ಎದ್ದು ನೋಡಿದ್ಲು. ಜಗಳ ಇಲ್ಲ, ಅಳು ಇಲ್ಲ. ಕಂಪಾಸ್ ಬಾಕ್ಸಿಂದ ರಬ್ಬರ್ ತಗೊಂಡು ನಿಧಾನಕ್ಕೆ ಅಳಿಸಿ, ಪುಡಿನ ಊದಿ, ನೀಲಿ ಪೆನ್ನಲ್ಲಿ ಎಚ್‌ಇಪಿಎಸ್ ಅಂತ ಬರೆದ್ಲು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಆಮೇಲೆ ಫಾರ್ಮ್ ನನ್ನ ಕಡೆ ತಳ್ಳಿ "ಅಪ್ಪಾ, ಇಲ್ಲಿ ಸೈನ್" ಅಂದ್ಲು.

ಗಂಟಲಲ್ಲಿ ಏನೋ ಕಟ್ಟಿದಂಗಾಯ್ತು. ನಂಗೆ ಗೊತ್ತಿಲ್ದೆ ಇತ್ತಾ? ಶ್ರೀರಂಗಪಟ್ಟಣಕ್ಕೆ ಹೋದಾಗೆಲ್ಲ ಕೋಟೆ ಗೋಡೆ ಹತ್ರ ನಿಂತ್ಕೊಂಡು 1799ರ ಮುತ್ತಿಗೆ ಹೆಂಗಾಯ್ತು, ಕಾವೇರಿ ಎಲ್ಲಿ ದಾಟಿದ್ರು ಅಂತ ನಂಗೇ ಪಾಠ ಹೇಳೋಳು, ನಾನು ಬಿಸಿಲು ಬಾರಮ್ಮ ಅಂತ ಕೈ ಎಳೀತಿದ್ದೆ. ಮೊನ್ನೆ ಮೊನ್ನೆವರೆಗೂ ಸಿಟಿ ಬಸ್ ಸ್ಟ್ಯಾಂಡಿಗೆ ಒಬ್ಳೇ ಕಳ್ಸಕ್ಕೂ ಭಯ ಪಡ್ತಿದ್ದೋನು ನಾನು, ಇಳಿದ ತಕ್ಷಣ ಫೋನ್ ಮಾಡು ಅಂತಿದ್ದೆ, ಈಗಲೂ ಅಂತೀನಿ.

ಸೈನ್ ಹಾಕ್ದೆ. ಸರಸ್ವತಿಪುರಂನಲ್ಲಿ ಜೆರಾಕ್ಸ್ ಮಾಡ್ಸಕ್ಕೆ ಹೋದಾಗ ನೋಡ್ದೆ, ನೀಲಿ ಅಕ್ಷರದ ಕೆಳಗೆ ನನ್ನ ಪೆನ್ಸಿಲ್ ಒತ್ತಿದ ಗುರುತು ಇನ್ನೂ ಇದೆ, ಬೆಳಕಿಗೆ ಹಿಡಿದ್ರೆ ಕಾಣತ್ತೆ.

ಜೆರಾಕ್ಸಲ್ಲಿ ಮಾತ್ರ ಅವಳು ಬರೆದಿದ್ದು ಅಷ್ಟೇ ಬಂತು.